ಎರಡು ಸಾವಿರದ ವಾಕಿಟಾಕಿ ಹುಬ್ಬಳ್ಳಿ ಮುಟ್ಟುವುದಿಲ್ಲ: ಸ್ಪಷ್ಟನೆ

ವರದಾ, ತುಂಗಭದ್ರಾ ನದಿಗಳು ತುಂಬಿದಾಗ ಹಾವೇರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ತಿರುಗುತ್ತದೆ: ‘ಮೊಬೈಲ್ ಟವರ್ ಬಿದ್ದರೂ 2,000 ರೂಪಾಯಿಯ ವಾಕಿಟಾಕಿಯಿಂದ ಹುಬ್ಬಳ್ಳಿ ತನಕ ಮಾತಾಡಬಹುದು, ಜನಸೇವೆಗೆ ಲೈಸೆನ್ಸ್ ಬೇಡ.’ ಎರಡೂ ತಪ್ಪು.

ಇಂಥ ಸೆಟ್ಟಿನಿಂದ 144–146 ಮೆಗಾಹರ್ಟ್ಸ್ ಹ್ಯಾಮ್ (ಹವ್ಯಾಸಿ ರೇಡಿಯೊ) ಬ್ಯಾಂಡಿನಲ್ಲಿ ಪ್ರಸಾರ ಮಾಡಲು ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. 12 ವರ್ಷ ತುಂಬಿದವರು ಬರೆಯಬಹುದು. ರೆಸ್ಟ್ರಿಕ್ಟೆಡ್ ಎಂಬ ಕೆಳದರ್ಜೆಯ ಲೈಸೆನ್ಸಿಗೆ ಮೋರ್ಸ್ (ಚುಕ್ಕಿ-ಗೆರೆಯ ಸಂಕೇತ) ಪರೀಕ್ಷೆ ಬೇಕಿಲ್ಲ. ನೆರೆ ಬಂದ ಮೇಲೆ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ, ಬೇಸಿಗೆಯಲ್ಲೇ ಮುಗಿಸಿ.

ಇನ್ನು ದೂರದ ಮಾತು. 5 ವಾಟ್‌ನ ಕೈಸೆಟ್ಟು ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟೇ ದೂರ ಹೋಗುತ್ತದೆ. ಇಬ್ಬರೂ ನೆಲದ ಮೇಲೆ ನಿಂತರೆ, ಮನೆ ಮರಗಳ ನಡುವೆ ಕೆಲವೇ ಕಿಲೋಮೀಟರ್. ವಾಟ್ ಹೆಚ್ಚಿಸುವುದಕ್ಕಿಂತ ಆಂಟೆನಾ ಎತ್ತರಿಸುವುದೇ ಮೇಲು. ಎತ್ತರದಲ್ಲಿ ರಿಪೀಟರ್ (ಸಂಕೇತ ಹಿಡಿದು ಮತ್ತೆ ಪ್ರಸಾರ ಮಾಡುವ ಸೆಟ್ಟು) ಇದ್ದರೆ ದೂರ ಸಾಗುತ್ತದೆ, ಆದರೆ ಅದಕ್ಕೂ ಬ್ಯಾಟರಿ ಬೇಕಲ್ಲ!

ಹಾವೇರಿ–ಹುಬ್ಬಳ್ಳಿಯಂಥ ಅಂತರಕ್ಕೆ ಹಗಲಲ್ಲಿ ಕೈಸೆಟ್ಟಲ್ಲ, 7 ಮೆಗಾಹರ್ಟ್ಸ್ ಬ್ಯಾಂಡಿನ ದೊಡ್ಡ ಹ್ಯಾಮ್ ಸೆಟ್ಟು ವಾಸಿ. ಒಟ್ಟು ಸುಮಾರು 20 ಮೀಟರ್ ತಂತಿಯ ಡೈಪೋಲನ್ನು (ನಡುವೆ ಕೇಬಲ್ ಜೋಡಿಸಿದ ಎರಡು ತೋಳಿನ ಆಂಟೆನಾ) 4–5 ಮೀಟರ್ ಎತ್ತರಕ್ಕೆ ಕಟ್ಟಿ. ಆಂಟೆನಾ ಹೀಗೆ ನೆಲಕ್ಕೆ ಹತ್ತಿರವಿದ್ದರೆ ಅಲೆ ನೆಟ್ಟಗೆ ಮೇಲೇರಿ ಅಯಾನುಗೋಳದಿಂದ (ವಾತಾವರಣದ ಮೇಲಿನ ವಿದ್ಯುದಾವಿಷ್ಟ ಪದರ) ಸುತ್ತಲಿನ ಜಿಲ್ಲೆಗಳಿಗೆ ಮರಳುತ್ತದೆ. ರಾತ್ರಿ ಈ ಬ್ಯಾಂಡು ಹತ್ತಿರದವರಿಗೆ ಕೈಕೊಡುತ್ತದೆ, ಆಗ 3.5 ಮೆಗಾಹರ್ಟ್ಸ್‌ಗೆ ಇಳಿಯಬೇಕು, ತಂತಿಯೂ ದುಪ್ಪಟ್ಟು ಬೇಕು.

ಹೆಚ್ಚಾಗಿ ಕೆಡುವುದು ವಿದ್ಯುತ್ತು. ಇಂಥ 100 ವಾಟ್ ಸೆಟ್ಟು ಪ್ರಸಾರದಲ್ಲಿ 20 ಆಂಪಿಯರ್ ಎಳೆಯುತ್ತದೆ. ಯುಪಿಎಸ್ಸಿನ 7 ಆಂಪಿಯರ್-ಅವರ್ ಬ್ಯಾಟರಿಯ ವೋಲ್ಟೇಜ್ ಕುಸಿದು ಸೆಟ್ಟು ಆರಿಹೋಗುತ್ತದೆ. 20 ವಾಟ್‌ಗೆ ಇಳಿಸಿ. ಕೋಆಕ್ಸ್ (ಆಂಟೆನಾ ಕೇಬಲ್) ಕನೆಕ್ಟರಿಗೆ ನೀರು ಹೋಗದಂತೆ ಟೇಪು ಸುತ್ತಿ. ಸಿಡಿಲಿನ ಸೂಚನೆ ಇದ್ದರೆ ಮೊದಲೇ ಆಂಟೆನಾ ಕೇಬಲನ್ನು ಸೆಟ್ಟಿನಿಂದ ಕಳಚಿಡಿ.