ಅಪ್ಪನ ಫಿಯಟ್‌ಗೆ ಮಾರುತಿಯ ಬ್ರೇಕ್

ನಮ್ಮ ಮನೆಯ ಫಿಯಟ್ ಕಾರಿನ ಫೋಟೋ ಹಾಕಿದಾಗಲೆಲ್ಲ ಎರಡು ಥರದ ಮಾತು ಬರುತ್ತದೆ. "ಒರಿಜಿನಲ್ ಹಾಗೇ ಇರಲಿ, ಏನೂ ಮುಟ್ಟಬೇಡಿ" ಅನ್ನುವವರು ಒಂದು ಕಡೆ. "ಇಂಜಿನ್ ಕಿತ್ತು ಹೊಸದು ಕೂರಿಸಿ, ಅಲಾಯ್ ವೀಲ್ ಹಾಕಿ, ಸೂಪರ್ ಆಗುತ್ತೆ" ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಒಪ್ಪಿಗೆ ಇಲ್ಲ. ನಾಲ್ಕು ವರ್ಷದಿಂದ ಈ ಗಾಡಿ ನನ್ನ ಕೈಯಲ್ಲಿದೆ. ಸಂಬಳದಲ್ಲಿ ಉಳಿದಷ್ಟು ದುಡ್ಡು ಹಾಕಿಕೊಂಡು ಬಂದಿದ್ದೇನೆ. ಒಂದು ಸಲ ಜೀವ ಬಾಯಿಗೆ ಬಂದಿದ್ದೂ ಇದೆ. ಅದಕ್ಕೇ ಇವತ್ತು ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಗಾಡಿ 1978ರ ಪ್ರೀಮಿಯರ್ ಪದ್ಮಿನಿ. ಆರ್‌ಸಿಯಲ್ಲಿ ಏನೇ ಇರಲಿ, ಊರಿನವರ ಬಾಯಲ್ಲಿ ಯಾವತ್ತೂ ಫಿಯಟ್ಟೇ. ತಪ್ಪೇನಿಲ್ಲ ಬಿಡಿ. ಇಟಲಿಯ ಫಿಯಟ್ 1100 ಕಾರನ್ನೇ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮುಂಬೈಯ ಕುರ್ಲಾದಲ್ಲಿ ಮಾಡುತ್ತಿದ್ದರು, 70ರ ದಶಕದಲ್ಲಿ ಹೆಸರು ಬದಲಾಯಿತು ಅಷ್ಟೆ. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದರೆ ಡ್ರಮ್ಮಿನೊಳಗೆ ಲೈನರ್ ಒತ್ತಿ ಚಕ್ರ ನಿಲ್ಲಿಸುವುದು. 1991ರಲ್ಲಿ ಅಪ್ಪ ತೀರ್ಥಹಳ್ಳಿಯ ಡಾಕ್ಟರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು.

ಗಾಡಿ ನನ್ನ ಕೈಗೆ ಬಂದ ಹೊಸತರಲ್ಲಿ ನಾನು ಮೊದಲು ಮಾಡಿಸಿದ್ದು ಪೇಂಟಿಂಗ್. ಆಮೇಲೆ ಸೀಟು. ಆಮೇಲೆ ಸ್ಟೀರಿಯೋ. ಸ್ಟೀರಿಯೋ ಕೂರಿಸಿದವನು ನನ್ನನ್ನು ಒಂದು ಮಾತೂ ಕೇಳದೆ ಡ್ಯಾಶ್‌ಬೋರ್ಡಿನ ತಗಡು ಕತ್ತರಿಸಿಬಿಟ್ಟ. ನಲವತ್ತು ಚಿಲ್ಲರೆ ವರ್ಷ ಯಾರೂ ಮುಟ್ಟದ ತಗಡು ಅದು. ಇವತ್ತಿಗೂ ಅದರ ಮೇಲೆ ಕೈಯಾಡಿಸಿದರೆ ಸಂಕಟ ಆಗುತ್ತದೆ. ಎಲ್ಲ ಸೇರಿ 60 ಸಾವಿರ ಖರ್ಚಾಯಿತು, ಗಾಡಿ ಮದುಮಗಳ ಹಾಗೆ ಕಂಡಿತು.

ಆ ವರ್ಷ ದಸರಾ ರಜೆಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಉಡುಪಿಗೆ ಹೊರಟೆ. ಆಗುಂಬೆ ಘಾಟಿ ಇಳಿಯಬೇಕು. 14 ಹೇರ್‌ಪಿನ್ ತಿರುವು. ಅರ್ಧ ಇಳಿದಿರಬೇಕು, ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಬೆಣ್ಣೆಗೆ ಕಾಲಿಟ್ಟ ಹಾಗೆ ಒಳಗೆ ಹೋಯಿತು. ಇನ್ನೊಮ್ಮೆ ಒತ್ತಿದೆ. ನೆಲ ಮುಟ್ಟಿತು. ಫಸ್ಟ್ ಗೇರಿಗೆ ಎಳೆದು, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಸುಟ್ಟ ಲೈನರ್ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಮ್ಮನಿಗೆ ಏನೂ ಗೊತ್ತಾಗಿರಲಿಲ್ಲ. "ಮಂಗ ನೋಡೋಕೆ ನಿಲ್ಲಿಸ್ದ್ಯೇನೋ?" ಅಂದರು. ನನಗೆ ಮಾತು ಹೊರಡಲಿಲ್ಲ.

ಆಗಿದ್ದಿಷ್ಟು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಿಸದೇ ಬಿಟ್ಟರೆ ಆ ನೀರು ಘಾಟಿಯ ಬಿಸಿಗೆ ಕುದಿದು ಆವಿ ಆಗುತ್ತದೆ. ಎಣ್ಣೆ ಒತ್ತಿದರೆ ಚಕ್ರಕ್ಕೆ ಬಲ ಹೋಗುತ್ತದೆ, ಆವಿ ಒತ್ತಿದರೆ ಸುಮ್ನೆ ಕುಗ್ಗುತ್ತದೆ. ಆಗ ನಮ್ಮ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಲೈನು. ಹೋದರೆ ನಾಲ್ಕೂ ಒಟ್ಟಿಗೇ ಹೋದವು. 60 ಸಾವಿರ ಸುರಿದ ನಾನು, ಕೆಲವೇ ನೂರು ರೂಪಾಯಿಯ ಬ್ರೇಕ್ ಆಯಿಲ್ ಬದಲಿಸಿರಲಿಲ್ಲ.

ಹಳೇ ಗಾಡಿಗೆ ಹೊಸ ಪಾರ್ಟ್ಸ್ ಹಾಕಬೇಕು ಅಂತ ನಾನು ಗಟ್ಟಿಯಾಗಿ ಹೇಳುವುದು ಅವತ್ತಿನಿಂದ. ದುಡ್ಡು ಕಡಿಮೆ ಇದ್ದರೆ ಮೊದಲು ಗಾಡಿ ನಿಲ್ಲುವುದಕ್ಕೆ ಹಾಕಿ. ಆಮೇಲೆ ರಾತ್ರಿ ದಾರಿ ಕಾಣುವುದಕ್ಕೆ. ಆಮೇಲೆ ಬೆಂಕಿ ಹತ್ತದಿರುವುದಕ್ಕೆ. ಪೇಂಟ್, ಸೀಟು, ಹಾಡು ಎಲ್ಲ ಕೊನೆಗೆ. ಮತ್ತೆ, ಹಾಕಿದ್ದೆಲ್ಲ ಸ್ಪ್ಯಾನರ್ ಹಿಡಿದು ವಾಪಸ್ ಬಿಚ್ಚಲು ಬರಬೇಕು. ಕತ್ತರಿಸುವುದು, ವೆಲ್ಡಿಂಗ್ ಹೊಡೆಯುವುದು ಬೇಡವೇ ಬೇಡ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ನಮ್ಮ ಮೆಕ್ಯಾನಿಕ್ ಸಾಬ್ರು ಇದ್ದಾರೆ. ಅಪ್ಪನ ಕಾಲದಿಂದ ಈ ಗಾಡಿ ನೋಡಿದವರು, ನನ್ನನ್ನು ಈಗಲೂ "ತಮ್ಮಾ" ಅಂತಲೇ ಕರೆಯುವುದು. ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕೋಣ ಅಂದಾಗ ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಯಾವ ಗಾಡಿದು ಹಾಕ್ತೀಯಾ ತಮ್ಮಾ? ಪ್ಯಾಡ್ ಸವೆದ್ರೆ ತೀರ್ಥಹಳ್ಳೀಲಿ ಸಿಗಬೇಕು." ಇದಕ್ಕಿಂತ ಒಳ್ಳೆಯ ಪ್ರಶ್ನೆ ನಾನು ಯೂಟ್ಯೂಬಿನಲ್ಲೂ ಕೇಳಿಲ್ಲ. ದೊಡ್ಡ ಕಂಪನಿಯ ದುಬಾರಿ ಕಿಟ್ ತರಿಸಬಹುದು. ಆದರೆ ಅದರ ಒಂದು ಸೀಲ್ ಹೋದರೆ ಗಾಡಿ ಆರು ತಿಂಗಳು ಶೆಡ್ಡಿನಲ್ಲಿ. ಮಾರುತಿ 800 ಬಂದಿದ್ದು 1983ರ ಡಿಸೆಂಬರಿನಲ್ಲಿ, ನಿಂತಿದ್ದು 2014ರಲ್ಲಿ. ಮೂವತ್ತು ವರ್ಷ ಓಡಿದ ಗಾಡಿ, ಅದರ ಪಾರ್ಟ್ಸ್ ಇಲ್ಲದ ತಾಲ್ಲೂಕು ಇಲ್ಲ. ಬಡವರ ಹಳೇ ಗಾಡಿ ಇವತ್ತು ರಸ್ತೆ ಮೇಲಿದ್ದರೆ ಅದಕ್ಕೆ ಮಾರುತಿಯೇ ಕಾರಣ ಅಂತ ನಾನು ಮನಸಾರೆ ನಂಬುತ್ತೇನೆ.

ಹಾಗಾಗಿ ಮಾರುತಿ 800ರ ಡಿಸ್ಕು, ಡಿಸ್ಕನ್ನು ಪ್ಯಾಡಿನಿಂದ ಹಿಡಿಯುವ ಕ್ಯಾಲಿಪರು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ತಗೊಂಡೆ. ಅವು ಫಿಯಟ್‌ನ ಹಬ್‌ಗೆ ನೇರವಾಗಿ ಕೂರುವುದಿಲ್ಲ. ನಡುವೆ ಒಂದು ದಪ್ಪ ಪ್ಲೇಟ್ ಬೇಕು. ಸಾಬ್ರು ಮೊದಲು ರಟ್ಟಿನಲ್ಲಿ ಅಳತೆ ತೆಗೆದರು. ರಟ್ಟಿಗೆ ತೂತು ಹೊಡೆದು, ಹಳೇ ಬೋಲ್ಟ್‌ಗಳಿಗೆ ಸಿಕ್ಕಿಸಿ, ಚಕ್ರ ಹಾಕಿ ತಿರುಗಿಸಿ, ರಿಮ್ಮಿಗೆ ಕ್ಯಾಲಿಪರ್ ತಾಗುತ್ತಾ ಅಂತ ಬೆರಳು ತೂರಿಸಿ ನೋಡಿದರು. ಮೂರು ರಟ್ಟು ಹಾಳಾದವು. ನಾಲ್ಕನೆಯದನ್ನು ಲೇತ್‌ಗೆ ಕೊಟ್ಟರು. ಗಾಡಿಯ ಮೂಲ ಕಬ್ಬಿಣಕ್ಕೆ ಒಂದೇ ಒಂದು ಹೊಸ ತೂತು ಬೀಳಲಿಲ್ಲ.

ಇಲ್ಲಿ ನಾನು ದುಡ್ಡು ಉಳಿಸಲು ಹೋಗಿ ಒಂದು ತಪ್ಪು ಮಾಡಿದೆ. ಪೆಡಲ್ ಒತ್ತಿದಾಗ ಲೈನಿಗೆ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದೇ ಇರಲಿ ಅಂದೆ. ಸಾಬ್ರು ಬೇಡ ಅಂದರು, ನಾನು ಕೇಳಲಿಲ್ಲ. ಶಿವಮೊಗ್ಗ ಬಿಟ್ಟು ಮಂಡಗದ್ದೆ ಮುಟ್ಟುವಷ್ಟರಲ್ಲಿ ಗಾಡಿ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಭಾರವಾಯಿತು. ಇಳಿದು ಮುಂದಿನ ಚಕ್ರದ ಮೇಲೆ ಬಾಟಲಿಯ ನೀರು ಚಿಮುಕಿಸಿದೆ. ದೋಸೆ ಹಂಚಿನ ಮೇಲೆ ಬಿದ್ದ ಹಾಗೆ ಚುಂಯ್ ಅಂದಿತು. ಕಾರಣ ತುಂಬಾ ಚಿಕ್ಕದು. ಡ್ರಮ್ ಬ್ರೇಕಿನ ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ಒಂದು ವಾಲ್ವ್ ಇರುತ್ತದೆ. ಕಾಲು ತೆಗೆದ ಮೇಲೂ ಅದು ಲೈನಿನಲ್ಲಿ ಸ್ವಲ್ಪ ಒತ್ತಡ ಹಿಡಿದಿಡುತ್ತದೆ. ಡ್ರಮ್ಮಿನೊಳಗೆ ಲೈನರನ್ನು ಹಿಂದಕ್ಕೆಳೆಯಲು ಸ್ಪ್ರಿಂಗ್ ಇದೆ, ಹಾಗಾಗಿ ತೊಂದರೆ ಇಲ್ಲ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ, ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಕೊನೆಗೆ, ಕಾಲಿನ ಒತ್ತಿಗೆ ಬಲ ಸೇರಿಸುವ ಬೂಸ್ಟರ್ ಸಮೇತ, ಎರಡು ಲೈನಿನ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ ಹಾಕಿಸಿದೆ. ಈಗ ಮುಂದಿನ ಚಕ್ರದ ಲೈನೇ ಬೇರೆ, ಹಿಂದಿನದೇ ಬೇರೆ. ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ. ಬ್ರೇಕಿಗೆ ಒಟ್ಟು 21 ಸಾವಿರ ಆಯಿತು. ಬೇರೆ ಯಾವ ಖರ್ಚನ್ನೂ ನಾನು ಇಷ್ಟು ನೆಮ್ಮದಿಯಿಂದ ಮಾಡಿಲ್ಲ.

ಅಪ್ಪ ಈಗ ರಸ್ತೆಗೆ ಗಾಡಿ ಇಳಿಸುವುದಿಲ್ಲ, ಕಣ್ಣು ಮಂಜು. ಆದರೂ ಅವತ್ತು ಮನೆಯಂಗಳದಲ್ಲಿ ಒಂದು ಸುತ್ತು ಹಾಕಿದರು. ಮೂವತ್ತು ವರ್ಷದ ಅಭ್ಯಾಸ, ಬ್ರೇಕನ್ನು ಎರಡು ಸಲ ಪಂಪ್ ಮಾಡಲು ಹೋದರು. ಮೊದಲನೇ ಒತ್ತಿಗೇ ಗಾಡಿ ಗಕ್ಕನೆ ನಿಂತು ಅವರ ಕನ್ನಡಕ ಜಾರಿತು. ಕನ್ನಡಕ ಸರಿ ಮಾಡಿಕೊಂಡು, "ಇದು ಮೊದಲೇ ಇರಬೇಕಿತ್ತು ಮಾರಾಯ" ಅಂದರು.

ಇನ್ನು ಲೈಟಿನ ವಿಷಯ. ಹಳೇ ಗಾಡಿ ಅಂದರೆ ಹಳದಿ ಮಂಕು ಬೆಳಕು ಅಂತ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಬಲ್ಬ್ ತಪ್ಪಲ್ಲ ಅದು. ನಮ್ಮ ಗಾಡಿಯ ಬ್ಯಾಟರಿ ಹತ್ತಿರ ಮೀಟರ್ ಇಟ್ಟರೆ 12.6 ವೋಲ್ಟ್, ಹೆಡ್‌ಲೈಟ್ ಹತ್ತಿರ 10.7. ಹಳೇ ವೈರು, ಹಳೇ ಸ್ವಿಚ್ಚು ದಾರಿಯಲ್ಲೇ ಅಷ್ಟು ತಿಂದುಹಾಕುತ್ತವೆ. ಎರಡು ರಿಲೇ (ಹಳೇ ಸ್ವಿಚ್ಚಿನ ಮೂಲಕ ಬಿಡದೆ ಬ್ಯಾಟರಿಯಿಂದ ನೇರ ಕರೆಂಟ್ ಕೊಡಿಸುವ ಚಿಕ್ಕ ಡಬ್ಬಿ), ದಪ್ಪ ವೈರು, ಒಂದು ಫ್ಯೂಸ್, 60/55 ವ್ಯಾಟಿನ ಹಾಲೊಜನ್ ಬಲ್ಬು. ಎಲ್ಲ ಸೇರಿ 1,800 ರೂಪಾಯಿ. ರಾತ್ರಿ ಆಗುಂಬೆಯ ಮಳೆಯಲ್ಲಿ ರಸ್ತೆಯ ಅಂಚು ಕಾಣುವುದು ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ಎಲ್‌ಇಡಿ ಬಲ್ಬ್ ತುರುಕಬೇಡಿ, ದಯವಿಟ್ಟು. ಆ ರಿಫ್ಲೆಕ್ಟರ್ ತಂತಿಯ ಬಲ್ಬಿಗೆ ಅಂತ ಮಾಡಿದ್ದು. ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಇದರ ಜೊತೆಗೇ ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೋ ತೆಗೆದು, ಅದೇ ಕೆಲಸದ ಹೊಸ ಕಾಲದ ಆಲ್ಟರ್ನೇಟರ್ ಹಾಕಿದೆ. ಗಾಡಿ ನಿಧಾನ ಇದ್ದಾಗ ಡೈನಮೋ ಸರಿಯಾಗಿ ಚಾರ್ಜ್ ಮಾಡುವುದಿಲ್ಲ, ಸಂತೆ ದಿನ ಜನರ ನಡುವೆ ಲೈಟ್ ಹಾಕಿಕೊಂಡು ನಿಂತರೆ ಬ್ಯಾಟರಿ ಇಳಿಯುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಮಾರುತಿಯ ಹಳೇ ಆಲ್ಟರ್ನೇಟರ್ 2,200ಕ್ಕೆ ಸಿಕ್ಕಿತು. ಬೇರಿಂಗ್, ಬ್ರಶ್ ಬದಲಿಸಿ ಹಾಕಿದ್ದು. ಒಂದು ಎಚ್ಚರ. ಡೈನಮೋದ ಹಳೇ ವೈರಿಗೇ ಇದನ್ನು ಜೋಡಿಸಬೇಡಿ. ಆಲ್ಟರ್ನೇಟರ್ ಕೊಡುವ ಕರೆಂಟ್ ಜಾಸ್ತಿ, ವೈರು ಸುಡುತ್ತದೆ.

ಪೆಟ್ರೋಲ್ ಪೈಪಿನ ಬಗ್ಗೆ ಯಾರೂ ಮಾತಾಡುವುದೇ ಇಲ್ಲ, ನನಗೆ ಅದೇ ಚಿಂತೆ. 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಈಗ ಹೆಚ್ಚುಕಡಿಮೆ ಎಲ್ಲ ಬಂಕಿನಲ್ಲೂ ಅದೇ. ಹಳೇ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ನಮ್ಮ ಗಾಡಿಯ ಪೈಪನ್ನು ಕಳಚಿ ಬೆರಳಲ್ಲಿ ಹಿಸುಕಿದೆ. ಕಪ್ಪು ಮೇಣದ ಹಾಗೆ ಬೆರಳಿಗೆ ಅಂಟಿಕೊಂಡಿತು. ಬಿಸಿ ಇಂಜಿನ್ನಿನ ಪಕ್ಕದಲ್ಲಿ ಅಂಥ ಪೈಪು! ಎಥನಾಲ್ ತಡೆಯುವ ಪೈಪು ಮೀಟರಿಗೆ 400 ರೂಪಾಯಿ, ಹೊಸ ಕ್ಲಿಪ್ಪು, ಪೆಟ್ರೋಲ್ ಪಂಪಿನ ಡಯಾಫ್ರಾಮು, ಕಾರ್ಬುರೇಟರ್ ಕಿಟ್ಟು. ನಿಮ್ಮ ಮನೆಯಲ್ಲಿ ಹಳೇ ಕಾರೋ ಸ್ಕೂಟರೋ ಇದ್ದರೆ ಈ ಭಾನುವಾರವೇ ಪೈಪ್ ಮುಟ್ಟಿ ನೋಡಿ. ಗಾಡಿ ಜಾಸ್ತಿ ದಿನ ನಿಲ್ಲಿಸಲೂಬೇಡಿ. ಎಥನಾಲ್ ನೀರು ಹೀರುತ್ತದೆ, ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಟೈರು 165/80 ಆರ್ 14 ರೇಡಿಯಲ್, ಟ್ಯೂಬ್ ಸಮೇತ. ಸ್ಪಾರ್ಕ್ ಕೊಡಿಸುವ ಹಳೇ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದೆ, ಮಳೆಗಾಲದ ಬೆಳಗ್ಗೆ ಈಗ ತಳ್ಳುವ ಕೆಲಸ ಇಲ್ಲ. ಸೀಟ್ ಬೆಲ್ಟಿಗೆ ಮಾತ್ರ ನನ್ನ ಮಾತು ನಾನೇ ಮುರಿದೆ, ಗಾಡಿಗೆ ತೂತು ಕೊರೆಸಿದೆ. ಬರೀ ತಗಡಿಗೆ ಬೋಲ್ಟ್ ಹಾಕಿದರೆ ಅಪಘಾತದಲ್ಲಿ ಕಿತ್ತು ಬರುತ್ತದೆ. ಹಿಂದುಗಡೆ ಅಂಗೈ ಅಗಲದ ಉಕ್ಕಿನ ಪ್ಲೇಟ್ ಕೊಟ್ಟು ಬಿಗಿಸಬೇಕು. ಅಮ್ಮ ಕೂರುವ ಜಾಗ ಅದು. ಆ ತೂತಿನ ಬಗ್ಗೆ ನನಗೆ ಬೇಸರ ಇಲ್ಲ.

ಇಂಜಿನ್ ಯಾಕೆ ಬದಲಿಸಲಿಲ್ಲ ಅಂತ ಕೇಳುತ್ತೀರಿ. ಆ ಇಂಜಿನ್ ಚೆನ್ನಾಗಿದೆ, ಅದಕ್ಕೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಇಂಜಿನ್ ಬದಲಿಸಬೇಕಾದರೆ ಆರ್‌ಟಿಓ ಅನುಮತಿ ಬೇಕೇ ಬೇಕು. ಹ್ಯಾಂಡ್ ಗೇರ್ ತೆಗೆದು ಕೆಳಗೆ ಗೇರ್ ಇಡುವವರೂ ಇದ್ದಾರೆ. ನನಗೆ ಅದು ಬೇಡ. ಅಪ್ಪನ ಎಡಗೈ ಆ ಗೇರಿನ ಮೇಲೆ ಇರುತ್ತಿದ್ದ ರೀತಿ ನನ್ನ ಕಣ್ಣಿಗೆ ಕಟ್ಟಿದೆ.

2021ರ ಹೊಸ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಇದೆ. ನಂಬರಿನಲ್ಲಿ "ವಿಎ" ಅಂತ ಬರುತ್ತದೆ, ಶುಲ್ಕ 20,000, ಹತ್ತು ವರ್ಷಕ್ಕೆ. ನಮ್ಮ ಗಾಡಿಗೆ 2028ಕ್ಕೆ ಐವತ್ತು ತುಂಬುತ್ತದೆ. ಆದರೆ ಹಾಗೆ ನೋಂದಣಿ ಆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಮ್ಮನನ್ನು ಕೂರಿಸಿಕೊಂಡು ಸಂತೆಗೆ ಹೋಗದ ಫಿಯಟ್ ನನಗೆ ಯಾಕೆ? ಇನ್ನೂ ತೀರ್ಮಾನ ಮಾಡಿಲ್ಲ. ನನ್ನ ಮಕ್ಕಳಿಗೆ ಆ ಆಸೆ ಬಂದರೂ ಬರಬಹುದು. ಅದಕ್ಕೇ ಬಿಚ್ಚಿದ ಪ್ರತಿಯೊಂದು ಪಾರ್ಟನ್ನೂ ಎಣ್ಣೆ ಸವರಿ, ಪೇಪರಿನಲ್ಲಿ ಸುತ್ತಿ, ಮಂಚದ ಕೆಳಗೆ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಒಂದೊಂದರ ಮೇಲೂ ಅಪ್ಪ ತಮ್ಮ ನಡುಗುವ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದ್ದಾರೆ. "ಡೈನಮೋ. ಸರಿ ಇದೆ. ಬಿಸಾಡಬಾರದು."

ಪೆಟ್ಟಿಗೆಯಲ್ಲಿ ಇಲ್ಲದ್ದು ಒಂದೇ, ಆ ಕತ್ತರಿಸಿಹೋದ ತಗಡು. ಗುಜರಿಗೆ ಹೊರಟ ಪದ್ಮಿನಿ ಯಾರ ಕಣ್ಣಿಗಾದರೂ ಬಿದ್ದರೆ, ಡ್ಯಾಶ್‌ಬೋರ್ಡ್ ಯಾರೂ ಕೊಯ್ಯದೆ ಪೂರ್ತಿ ಇದ್ದರೆ, ದಯವಿಟ್ಟು ಇನ್‌ಬಾಕ್ಸ್ ಮಾಡಿ. ಎಷ್ಟು ದೂರ ಇದ್ದರೂ ಬರುತ್ತೇನೆ.