ಖಾಲಿ ಕುರ್ಚಿಯ ಜತೆ ಮಾತುಕತೆ

ಬಳ್ಳಾರಿಯಲ್ಲಿ ಟಿಕೆಟ್ ಆಕಾಂಕ್ಷಿಗಳಿಗೂ ಸೈಟು ಮಾರುವವರಿಗೂ ಈಗ ಫ್ಲೆಕ್ಸ್ ಸಾಲುತ್ತಿಲ್ಲ, ನೆಟ್ಟಿನಲ್ಲಿ ಹರಿಬಿಡುವ ಮಾತುಕತೆ, ಅಂದರೆ ಪಾಡ್‌ಕಾಸ್ಟೇ ಬೇಕು. 2004ರಲ್ಲಿ, ಹಾಡು ಕೇಳುವ ಪುಟ್ಟ ಯಂತ್ರ ಐಪಾಡಿಗೆ ಬ್ರಾಡ್‌ಕಾಸ್ಟ್ ಗಂಟುಹಾಕಿ ಹುಟ್ಟಿದ ಪದವಿದು. ಐಪಾಡನ್ನು ಅದರ ಕಂಪನಿ ಆ್ಯಪಲ್ಲೇ 2022ರಲ್ಲಿ ನಿಲ್ಲಿಸಿಬಿಟ್ಟಿತು. ನಮ್ಮ ಪಾಲಿಗೆ ಉಳಿದದ್ದು ಮೈಕು, ಅದೂ ಫೋಟೊಕ್ಕೆ.

ವಿಧಾನ ಸುಲಭ. ಕುರ್ಚಿ ಒಂದೇ ಸಾಕು. ಕ್ಯಾಮೆರಾವನ್ನು ಓರೆಯಾಗಿಟ್ಟು, ಎದುರಿಗೆ ಇಲ್ಲದ ಮನುಷ್ಯನನ್ನು ನೋಡುತ್ತ ಮಾತಾಡಬೇಕು. ಕಣ್ಣು ಅಲೆದಾಡದಂತೆ ಗೋಡೆಗೊಂದು ಬಿಂದಿ ಅಂಟಿಸಿಕೊಳ್ಳಿ. ಆಗಾಗ 'ಒಳ್ಳೆ ಪ್ರಶ್ನೆ ಕೇಳಿದ್ರಿ ನೋಡ್ರಿ' ಅನ್ನುತ್ತಿರಬೇಕು, ಬಿಂದಿಗೆ ಬೇಜಾರಾಗಬಾರದು.

ಮೈಕಿನದೇ ದೊಡ್ಡ ಪುರಾಣ. ಸ್ಟುಡಿಯೊದ ದಪ್ಪನೆಯ ಕಂಡೆನ್ಸರ್ ಮೈಕಿಗೆ ವೈರಿನಲ್ಲಿ 48 ವೋಲ್ಟ್ ಕೊಡದಿದ್ದರೆ ಜೀವವೇ ಬರದು. ಅದರ ಕಿವಿ ಸಾಮಾನ್ಯವಾಗಿ ತುದಿಯಲ್ಲಿರದೆ ಲೋಗೊ ಇರುವ ಪಕ್ಕದಲ್ಲಿರುತ್ತದೆ. ನಮ್ಮವರು ತುದಿಯನ್ನು ಕುಲ್ಫಿಯಂತೆ ಬಾಯಿಗೆ ಹಿಡಿಯುತ್ತಾರೆ, ಇಲ್ಲವೇ ಲೋಗೊ ಕಾಣಲೆಂದು ಕ್ಯಾಮೆರಾದ ಕಡೆಗೆ ತಿರುಗಿಸುತ್ತಾರೆ. ಆಗ ಅದಕ್ಕೆ ಚೆನ್ನಾಗಿ ಕೇಳುವುದು ಕ್ಯಾಮೆರಾದವನ ಕೆಮ್ಮು. ಚಿಂತೆ ಬೇಡ, ಮೈಕಿನ ವೈರು ಮೇಜಿನ ಬಟ್ಟೆಯ ಕೆಳಗೆ ಹೋಗಿ ಅಲ್ಲಿಗೇ ಮುಗಿಯುತ್ತದೆ. ಹೆಡ್‌ಫೋನಿನ ಜ್ಯಾಕು ಜುಬ್ಬಾದ ಜೇಬಿನಲ್ಲಿ.

ನಿಜವಾದ ದನಿ ಬರುವುದು ಕಾಲರ್ ಮೈಕಿನಿಂದ. ಗದ್ದದಿಂದ ಒಂದು ಗೇಣು ಕೆಳಗೆ ಅದನ್ನು ಸಿಕ್ಕಿಸಬೇಕು. ಗಂಜಿ ಹಾಕಿದ ಖಾದಿಯೊಳಗೆ ಬಚ್ಚಿಟ್ಟರೆ ಮಾತಿಗೊಮ್ಮೆ ಹಪ್ಪಳ ಮುರಿದಂತೆ ಚರಚರ ಅನ್ನುತ್ತದೆ. ಟೈಲ್ಸ್ ನೆಲದ ಬರಿಗೋಡೆಯ ಕೋಣೆಯಾದರೆ ದನಿ ಮಾರ್ದನಿಸಿ ಕಲ್ಯಾಣ ಮಂಟಪದ ಅನೌನ್ಸ್‌ಮೆಂಟಾಗುತ್ತದೆ. ಅದಕ್ಕೆ ಮದ್ದು ಊರಲ್ಲೇ ಇದೆ. ಜೀನ್ಸ್ ಹೊಲಿಯುವ ಊರಿದು; ದಪ್ಪ ಡೆನಿಮ್ಮನ್ನು ನಾಲ್ಕು ಪದರ ಮಡಿಸಿ, ಗೋಡೆಗೆ ಒತ್ತದೆ ಅಂಗೈಯಷ್ಟು ಸಂದಿ ಬಿಟ್ಟು ತೂಗುಹಾಕಿದರೆ ಮಾರ್ದನಿ ಎಷ್ಟೋ ತಗ್ಗುತ್ತದೆ. ಮನೆಯ ಕೌದಿಯೂ ಆದೀತು. ಆದರೆ ಕೌದಿ ಹಿಂದಿದ್ದರೆ ಸ್ಟುಡಿಯೊ ಅನ್ನುವವರು ಯಾರು? ಅದರ ಜಾಗಕ್ಕೆ ಅಂಟಿಸಿದ ತೆಳ್ಳನೆ ಫೋಮು ಸ, ಶಗಳನ್ನಷ್ಟೇ ನುಂಗಿ, ಎದೆದನಿಯ ಗುಂಯ್‌ಗಾಟವನ್ನು ಹಾಗೇ ಬಿಡುತ್ತದೆ.

ಇನ್ನು ಕೂಲರ್. ಮೇ ತಿಂಗಳಲ್ಲಿ ಅದನ್ನು ಆರಿಸಿದರೆ ನಾಯಕರ ಪೌಡರ್ ಇಳಿಯುತ್ತದೆ, ಆರಿಸದಿದ್ದರೆ ಪಂಪಿನ ಗುರ್ರ್. ಸಾಫ್ಟ್‌ವೇರಿನಲ್ಲಿ ತೆಗೀತೀನ್ರಿ ಅನ್ನುವ ಎಡಿಟರ್ ಅತಿಯಾಗಿ ಉಜ್ಜಿದರೆ ಕೂಲರಿನ ಜತೆ ಮಾತಿನ ಅಂಚೂ ಹೋಗಿ, ನಾಯಕರು ಕೊಡದೊಳಗೆ ಕೂತು ಭಾಷಣ ಮಾಡಿದಂತಾಗುತ್ತದೆ.

ಇಷ್ಟೆಲ್ಲ ಯಾಕೆ ಬೇಕೋ! ತಾಸು ಮಾತಾಡಿದ್ದರಲ್ಲಿ ಊರಿಗೆ ಹೋಗುವುದು 60 ಸೆಕೆಂಡಿನ ರೀಲ್ ತುಣುಕು. ಒಗ್ಗರಣಿ-ಮಿರ್ಚಿ ಅಂಗಡಿಯ ಮುಂದೆ ಒಂದು ಕೈಯಲ್ಲಿ ಮಿರ್ಚಿ, ಒಂದು ಕೈಯಲ್ಲಿ ಫೋನ್ ಹಿಡಿದವರು ದನಿ ಮುಚ್ಚಿ, ಕೆಳಗಿನ ಹಳದಿ ಅಕ್ಷರ ಓದಿ ಹೆಬ್ಬೆರಳಿಂದ ಸರಿಸುತ್ತಾರೆ. ದನಿ ಬಿಚ್ಚಿ ಕೇಳುವವರು ಬಸ್ಸಿನಲ್ಲಿದ್ದಾರೆ, ಇಯರ್‌ಫೋನ್ ಇಲ್ಲದೆ, ಎರಡು ಪಟ್ಟು ವೇಗದಲ್ಲಿ. ಹೊಸಪೇಟೆ ಬರುವ ತನಕ ಕಂಡಕ್ಟರೂ ಕೇಳಬೇಕು.

ನಡುವೆ ಕರೆಂಟ್ ಹೋದರೆ ಎಲ್ಲರೂ ಏಳುತ್ತಾರೆ, ಹಿಂದಿನ ನಿಯಾನ್ ಬೋರ್ಡ್ ಆರಿತಲ್ಲ. ದಪ್ಪ ಮೈಕಿನ ಕಡೆ ಯಾರೂ ನೋಡುವುದಿಲ್ಲ. ಅದಕ್ಕೆ ಮೊದಲಿಂದಲೂ ಕರೆಂಟೇ ಇರಲಿಲ್ಲ.