ಮಂಡಕ್ಕಿಯಲ್ಲಿ ಬಿದ್ದ ವಿಜಯನಗರ

ನಮ್ಮ ಯುದ್ಧದಾಟದ ನಿಜಾಮಶಾಹಿ ಆನೆಗೆ ಅಂಟಿದ ಮಿರ್ಚಿ ಎಣ್ಣೆ ಇನ್ನೂ ಹೋಗಿಲ್ಲ. ಹಳೇ ಬ್ರಷ್ಷು, ಸೋಪಿನ ನೀರು ಎಲ್ಲ ಆಯ್ತು. ನಾನು ಕಷ್ಟಪಟ್ಟು ಬಳಿದ ಬೂದು ಬಣ್ಣ ಎದ್ದು ಬಂತೇ ಹೊರತು ಎಣ್ಣೆ ಬರಲಿಲ್ಲ. ಹೋದ ಭಾನುವಾರದ ಸಿಟ್ಟೂ ಹೋಗಿಲ್ಲ.

ದಾವಣಗೆರೆಯಲ್ಲಿ ರಜೆ ದಿನ ನಮ್ಮ ವಯಸ್ಸಿನ ಗಂಡಸರು ಸೇರಿದರೆ ಇಸ್ಪೀಟು, ಇಲ್ಲಾ ಕ್ರಿಕೆಟ್ಟು. ನಾವು ನಾಲ್ವರು ಮಾತ್ರ ನಮ್ಮ ಮನೆ ಮಹಡಿಯಲ್ಲಿ ಮಂಚದ ಮೇಲೆ ಪ್ಲೈವುಡ್ ಹಾಕಿ, ಹಸಿರು ಬಟ್ಟೆ ಹೊದಿಸಿ, ಹಳೇ ಯುದ್ಧಗಳನ್ನು ಮತ್ತೆ ಮಾಡುತ್ತೇವೆ. ಸೈನಿಕರು 15 ಮಿಲಿಮೀಟರ್ ಎತ್ತರ. ಅಂದರೆ ಒಂದು ಶೇಂಗಾ ಬೀಜದಷ್ಟು. ಅಷ್ಟು ಸಣ್ಣ ಮುಖಕ್ಕೂ ಮೀಸೆ ಬರೆಯಬೇಕು. ನಮ್ಮ ನಿಯಮದಲ್ಲಿ ಕಾಲಾಳು ಒಂದು ಸರದಿಗೆ 6 ಇಂಚು, ಕುದುರೆ 12 ಇಂಚು. ಅಳತೆಗೆ ಟೇಪು, ಅದೃಷ್ಟಕ್ಕೆ ದಾಳ, ಜಗಳಕ್ಕೆ ನಾವು.

ಅವತ್ತು ಆಡಿದ್ದು ರಕ್ಕಸತಂಗಡಿ. 1565ರ ಜನವರಿ. ಒಂದು ಕಡೆ ವಿಜಯನಗರದ ರಾಮರಾಯ, ಇನ್ನೊಂದು ಕಡೆ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ನಾಲ್ಕೂ ಒಟ್ಟಾಗಿ. ಕೃಷ್ಣಾ ನದಿಗೆ ಅಮ್ಮನ ಹಳೇ ನೀಲಿ ಸೀರೆಯ ಒಂದು ಪಟ್ಟಿ. ರಾಮರಾಯನ ಪಲ್ಲಕ್ಕಿಯನ್ನು ಬೆಂಕಿಪೊಟ್ಟಣ ಮತ್ತು ಊದುಕಡ್ಡಿಯಿಂದ ನಾನೇ ಮಾಡಿದ್ದೆ. ನೋಡಿದವರು ಹೊಗಳಬೇಕು ಅಂತ ಸ್ವಲ್ಪ ಮುಂದಕ್ಕೇ ಇಟ್ಟಿದ್ದೆ.

ಅಹಮದ್‌ನಗರದ ಹುಸೇನ್ ನಿಜಾಮಶಹನ ಪಾತ್ರ ನಮ್ಮ ಸಾಹುಕಾರನದು. ಬಟ್ಟೆ ಅಂಗಡಿ ಇರುವುದರಿಂದ ಆ ಹೆಸರು. ಯುದ್ಧಕ್ಕೆ ಟೇಪು ತರುವವನೂ ಅವನೇ. ತನ್ನ ಕುದುರೆ ಓಡುವಾಗ ಟೇಪು ಸಡಿಲ, ನನ್ನ ಕುದುರೆ ಓಡುವಾಗ ಬಿಗಿ. ಕೇಳಿದರೆ "ಗಿರಾಕಿಗೆ ಯಾವತ್ತೂ ಮೋಸ ಮಾಡಿಲ್ಲ" ಅನ್ನುತ್ತಾನೆ. ನಾನು ಗಿರಾಕಿ ಅಲ್ವಲ್ಲ ಮಾರಾಯ! ನಿಜಾಮಶಹನ ಫಿರಂಗಿಗಳಿಗೆ ತಾಮ್ರದ ಕಾಸು ತುಂಬಿ ಹೊಡೆದರು ಅಂತ ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಸಾಹುಕಾರನಿಗೆ ಇಡೀ ಇತಿಹಾಸದಲ್ಲಿ ಇಷ್ಟವಾದ ಸಾಲು ಅದೊಂದೇ. ಫಿರಂಗಿ ಹೊಡೆದಾಗಲೆಲ್ಲ "ಕಾಸು ಹಾಕಿದೀನಿ, ಒಂದು ಜಾಸ್ತಿ ಕೊಡು" ಅಂತ ಕೇಳುತ್ತಾನೆ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವನು ದಾಳ ಎಸೆಯುವ ರೀತಿ. ಮೊದಲು ಎರಡೂ ಅಂಗೈಯಲ್ಲಿ ಕುಲುಕುತ್ತಾನೆ. ಕಿವಿ ಹತ್ತಿರ ತಂದು ಕೇಳುತ್ತಾನೆ. ಏನು ಕೇಳಿಸುತ್ತದೋ ದೇವರೇ ಬಲ್ಲ. ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಮನೆದೇವರನ್ನು ನೆನೆಯುತ್ತಾನೆ, ಅದೂ ನಿಜಾಮಶಹನ ಪರವಾಗಿ. ಆಮೇಲೆ ಎದೆ ಮಟ್ಟದಿಂದ ಬೀಸಿ ಒಗೆಯುತ್ತಾನೆ. ದಾಳ ಗೋಡೆಗೆ ಬಡಿದು, ನನ್ನ ಬಿಲ್ಲುಗಾರರನ್ನು ಉರುಳಿಸಿ, ಬೀರುವಿನ ಕೆಳಗೆ ಸೇರುತ್ತದೆ. "ಆರು ಬಿದ್ದಿದೆ" ಅಂತ ಅಲ್ಲಿಂದಲೇ ಕೂಗುತ್ತಾನೆ. ಬೀರುವಿನ ಕೆಳಗಿನ ದಾಳಗಳೆಲ್ಲ ಆರೇ, ಅದು ಹೇಗೋ.

ಅವತ್ತು ಅವನ ಆನೆ ನನ್ನ ಪಲ್ಲಕ್ಕಿಯ ಹತ್ತಿರ ಬಂದಿತ್ತು. ಆರು ಬಿದ್ದರೆ ಮಾತ್ರ ಮುಟ್ಟುತ್ತದೆ. ಒಂದು ಕೈಯಲ್ಲಿ ಕಚ್ಚಿದ ಮಿರ್ಚಿ. ಅದೇ ಕೈಯಲ್ಲಿ ಆನೆಯನ್ನು ಸರಿಸಿದ. ಇನ್ನೊಂದು ಕೈಯಿಂದ ದಾಳ ಹಾರಿಸಿದ. ಅದು ನೆಟ್ಟಗೆ ಹೋಗಿ ಖಾರ ಮಂಡಕ್ಕಿಯ ಬೋಗುಣಿಗೆ ಬಿತ್ತು.

ದಾಳ ಬಿಳಿ, ಮಂಡಕ್ಕಿ ಬಿಳಿ. ಚುಕ್ಕೆ ಯಾವುದು, ಸಾಸಿವೆ ಯಾವುದು ಗೊತ್ತಾಗಲಿಲ್ಲ. "ಯಾರೂ ಮುಟ್ಟಬೇಡಿ!" ಅಂತ ಸಾಹುಕಾರ ಕೈ ಅಡ್ಡ ಹಿಡಿದ. ಗೋಲ್ಕೊಂಡದವನು ಅಷ್ಟರಲ್ಲಿ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡಿದ್ದ. ಅವನಿಗೆ ಅಗಿಯಲು ಭಯ, ಉಗಿಯಲು ಸಂಕೋಚ. ಮೊಬೈಲ್ ಟಾರ್ಚು ಹಾಕಿ ನಾಲ್ಕು ತಲೆಗಳು ಬೋಗುಣಿಯ ಮೇಲೆ ಬಗ್ಗಿದವು. ಕೊನೆಗೆ ಸಿಕ್ಕಿತು. ಒಂದು ಈರುಳ್ಳಿ ಚೂರಿಗೆ ಒರಗಿ ವಾಲಿಕೊಂಡಿತ್ತು. ಅವನ ಕಡೆಯಿಂದ ನೋಡಿದರೆ ಆರು, ನನ್ನ ಕಡೆಯಿಂದ ನಾಲ್ಕು.

ವಾಲಿದ ದಾಳವನ್ನು ಮತ್ತೆ ಹಾಕಬೇಕು. ಇದು ನಮ್ಮ ನಿಯಮ. "ಅದು ಮೇಜಿನ ಮೇಲೆ ವಾಲಿದರೆ. ಮಂಡಕ್ಕಿ ಬಗ್ಗೆ ಎಲ್ಲಿ ಬರೆದಿದೆ ತೋರಿಸು" ಅಂದ. ಇಂಥದ್ದಕ್ಕೇ 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಜ್ ಯುದ್ಧದಾಟಕ್ಕೆ ನಿಯಮ ಬರೆದಾಗ ಮಧ್ಯೆ ಒಬ್ಬ ಅಂಪೈರನ್ನು ಇಟ್ಟಿದ್ದ. ಅವನು ಹೇಳಿದ್ದೇ ಕೊನೆ ಮಾತು. ನಮ್ಮಲ್ಲಿ ಇರುವ ನಾಲ್ವರೂ ಅಂಪೈರುಗಳು.

ಜಗಳ ಜೋರಾದಾಗ ಅಮ್ಮ ಮೇಲೆ ಬಂದರು. "ಏನ್ರೋ, ಇನ್ನೂ ತಿಂದಿಲ್ಲ? ಮೆತ್ತಗಾಗ್ತತಿ" ಅಂದವರೇ ಬೋಗುಣಿ ಎತ್ತಿ ಎರಡು ಸಲ ಕುಲುಕಿ ಇಟ್ಟು ಹೋದರು. ನಾವು ಬಾಯಿ ಬಿಡುವಷ್ಟರಲ್ಲಿ ಮುಗಿದೇ ಹೋಗಿತ್ತು. ಬಗ್ಗಿ ನೋಡಿದೆವು. ದಾಳ ಮೇಲೆ ಬಂದು ಸಪಾಟಾಗಿ ಕೂತಿತ್ತು.

ಆರು.

"ಅಮ್ಮನ ಕೈಯಲ್ಲೇ ಬಿದ್ದಿದೆ, ಇನ್ನೇನು ಮಾತಾಡ್ತೀಯಾ?" ಅಂದ ಸಾಹುಕಾರ. ಏನು ಮಾತಾಡೋದು? ಆನೆ ನುಗ್ಗಿತು, ಪಲ್ಲಕ್ಕಿ ಬಿತ್ತು. ನಿಜವಾದ ಯುದ್ಧದಲ್ಲೂ ಆನೆ ನುಗ್ಗಿದಾಗ ಹೊತ್ತವರು ಪಲ್ಲಕ್ಕಿ ಬಿಟ್ಟು ಓಡಿದರಂತೆ. ರಾಮರಾಯ ಸೆರೆ ಸಿಕ್ಕ. ವಿಜಯನಗರ ಉಳಿಸಬೇಕು ಅಂತಲೇ ನಾನು ವಾರಗಟ್ಟಲೆ ಮೀಸೆ ಬರೆದಿದ್ದು.

ರಾತ್ರಿ ಪಡೆಗಳನ್ನೆಲ್ಲ ಚಪ್ಪಲಿ ಡಬ್ಬಕ್ಕೆ ತುಂಬುವಾಗ ಒಂದು ನೆನಪಾಯ್ತು. ಸ್ಕೂಲಿನಲ್ಲಿ ನಮ್ಮನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿದ್ದರು. ಓಬವ್ವನ ಕಿಂಡಿ ಹತ್ತಿರ ಹುಡುಗರೆಲ್ಲ ಕೋಟೆ ಕಾಯುವವರೇ. ಹೈದರಾಲಿಯ ಸಿಪಾಯಿಯಾಗಿ ತೂರಿ ಬರೋಕೆ ಒಬ್ಬನೂ ತಯಾರಿಲ್ಲ. ಆಗ "ನಾನು ಬರ್ತೀನಿ ಬಿಡ್ರೋ" ಅಂದವನು ಇವನೇ. ಮತ್ತೆ ಮತ್ತೆ ಕಿಂಡಿಯಲ್ಲಿ ತೂರಿ ಬಂದ, ಕೋಲಿನಿಂದ ತಲೆಗೆ ತಟ್ಟಿಸಿಕೊಂಡ, ನಗುತ್ತಾ ಬಿದ್ದ. ಈಗಲೂ ಅಷ್ಟೇ. ರಕ್ಕಸತಂಗಡಿ ಅಂದರೆ ನಮಗೆಲ್ಲ ರಾಮರಾಯನೇ ಬೇಕು. ನಿಜಾಮಶಹ ಯಾರು ಅಂತ ಕೇಳಿದಾಗ ಎಲ್ಲರೂ ಸುಮ್ಮನಾಗುತ್ತಾರೆ. ಅವನಿಲ್ಲದಿದ್ದರೆ ಯುದ್ಧವೇ ಇಲ್ಲ.

ಆದರೂ ಆನೆಯ ಎಣ್ಣೆ ಎಣ್ಣೆಯೇ. ಮಾರನೇ ದಿನ ನಿಯಮದ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಯುದ್ಧ ನಡೆಯುವ ಕೋಣೆಯಲ್ಲಿ ಮಂಡಕ್ಕಿ, ಮಿರ್ಚಿ ನಿಷೇಧ. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಇಬ್ಬರು ಹೆಬ್ಬೆರಳು ಒತ್ತಿದರು. ಸಾಹುಕಾರ ಫೋನೇ ಮಾಡಿದ.

"ಬೆಣ್ಣೆ ದೋಸೆ ಬಗ್ಗೆ ಏನೂ ಬರೆದಿಲ್ಲ ಅಲ್ವಾ? ಅದರ ಮೇಲೆ ದಾಳ ವಾಲೋದೂ ಇಲ್ಲ ನೋಡು."